ಈಜು ಟೀಚರ್ ಕಾಲಿನ ಫೈಲು

ಎಲ್ಲಿಂದ ಶುರು ಮಾಡಲಿ? ಕಂಪ್ಯೂಟರಿನಿಂದಲೋ, ಕಾಲಿನಿಂದಲೋ? ಕಂಪ್ಯೂಟರಿನಿಂದ ಅಂದರೆ ನೀವು ಪುಟ ತಿರುಗಿಸಿಬಿಡುತ್ತೀರಿ. (ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.) ಕಾಲಿನಿಂದ ಅಂದರೆ ಈಗಲೇ ಕರವಸ್ತ್ರ ಹುಡುಕುತ್ತೀರಿ. ಅದೂ ಬೇಡ, ಇದು ಅಳಿಸುವ ಕಥೆಯಲ್ಲ. ಫೋನಿನಿಂದ ಶುರು ಮಾಡುತ್ತೇನೆ.

೧

ಬೆಳಿಗ್ಗೆ ಹತ್ತಕ್ಕೆ ಚಿಕ್ಕಮ್ಮ ಫೋನ್ ಮಾಡಿದಳು.

"ಏ ಕಥೆಗಾರ, ಏನ್ ಮಾಡ್ತಿದ್ದೀಯ?"

"ಬರೀತಿದ್ದೀನಿ ಚಿಕ್ಕಮ್ಮ."

"ಅಂದ್ರೆ ಸುಮ್ನೆ ಕೂತಿದ್ದೀಯ. ಬೇಗ ಬಾ, ಕಂಪ್ಯೂಟ್ರು ಹಟ ಹಿಡಿದಿದೆ."

ಚಿಕ್ಕಮ್ಮ ಕೃತಕ ಕಾಲು ಮಾಡುವವಳು. ಎರಡು ಕೋಣೆಯ ವರ್ಕ್‌ಶಾಪ್. ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿ ಎಲ್ಲರ ಕಾಲಿನ ಅಳತೆಯ ಫೈಲುಗಳಿವೆ. ಹಿಂದಿನ ಕೋಣೆಯಲ್ಲಿ ಅಚ್ಚು ಕೊರೆಯುವ ಮೆಷಿನ್, ಅದಕ್ಕೊಂದು ಬೇರೆ ಕಂಪ್ಯೂಟರ್. ಅದು ಮುಂದಿನ ಕೋಣೆಯಿಂದ ಫೈಲು ತೆರೆದುಕೊಂಡು ಫೋಮಿನ ದಿಮ್ಮಿಯನ್ನು ಕಾಲಿನ ಆಕಾರಕ್ಕೆ ಕೊರೆಯುತ್ತದೆ. ಆ ಅಚ್ಚಿನ ಮೇಲೆ ಬಿಸಿ ಪ್ಲಾಸ್ಟಿಕ್ ಎಳೆದರೆ ಕಾಲು ಕೂರುವ ಬಟ್ಟಲು ಸಿದ್ಧ.

ಹಿಂದಿನ ದಿನ ಮೆಷಿನ್ನಿನ ಕಂಪ್ಯೂಟರಿಗೆ ಹೊಸ ಅಪ್‌ಡೇಟ್ ಬಂದಿತ್ತು. ಅಲ್ಲಿಂದ ಯಾವ ಫೈಲು ಮುಟ್ಟಿದರೂ ಒಂದೇ ರಾಗ: ಈ ಫೈಲು ನಿಮ್ಮ ಕಂಪ್ಯೂಟರಿಗೆ ಹಾನಿ ಮಾಡಬಹುದು. ತೆರೆಯಬೇಕೇ?

ಚಿಕ್ಕಮ್ಮ ಪ್ರತಿ ಸಲವೂ "ಬೇಡ" ಒತ್ತುತ್ತಿದ್ದಳು. ಕಾರಣವಿತ್ತು. ಎರಡು ವರ್ಷದ ಹಿಂದೆ ಯಾವುದೋ ಪಾರ್ಸೆಲ್ ಚೀಟಿ ಅಂದುಕೊಂಡು "ಹೌದು" ಒತ್ತಿ, ಒಂದಿಡೀ ವರ್ಷದ ಅಳತೆಗಳನ್ನು ಕಳೆದುಕೊಂಡಿದ್ದಳು. ನಲವತ್ತು ಜನಕ್ಕೆ ಫೋನ್ ಮಾಡಿ, ಕ್ಷಮೆ ಕೇಳಿ, ಮತ್ತೆ ಕರೆಸಿ ಅಳೆದಳು. (ಇಲ್ಲಿ ಅರ್ಧ ಪುಟದ ಫ್ಲ್ಯಾಶ್‌ಬ್ಯಾಕ್ ಬರೆದಿದ್ದೆ. ಚಿಕ್ಕಮ್ಮ ಓದಿ, "ನಾನು ಅಷ್ಟೆಲ್ಲ ಅಳಲಿಲ್ಲ" ಅಂದಳು. ಕಿತ್ತುಹಾಕಿದೆ.)

೨

ಅವಸರ ಯಾಕೆಂದು ಹೇಳಲಿಲ್ಲ ಅಲ್ಲವೇ? ಈಜು ಟೀಚರಿಗಾಗಿ.

ಒಂದೂವರೆ ವರ್ಷದ ಹಿಂದೆ ರಸ್ತೆ ಅಪಘಾತದಲ್ಲಿ ಅವರ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ನೀರಿನೊಳಗೆ ಅವರಿಗೆ ಯಾವ ತೊಂದರೆಯೂ ಇಲ್ಲ, ಮೀನಿಗೆ ಸಮ. ತೊಂದರೆ ಇರುವುದು ದಡದಲ್ಲಿ. ಮರುದಿನ ಒಂಬತ್ತಕ್ಕೆ ಹನ್ನೊಂದು ಮಕ್ಕಳ ಹೊಸ ಕ್ಲಾಸು. ಒದ್ದೆ ನೆಲದ ಮೇಲೆ ಏನನ್ನೂ ಹಿಡಿಯದೆ ಕೊಳದ ಸುತ್ತ ನಡೆಯಬೇಕು, ಆಗ ಮಾತ್ರ ಕೆಲಸ ಎಂದು ಮ್ಯಾನೇಜರ್ ಷರತ್ತು ಹಾಕಿದ್ದ. ಅದಕ್ಕೆ ನೀರಿಗೆ ಜಗ್ಗದ ಹೊಸ ಕಾಲು ಬೇಕು. ಅವರು ಮೂರು ಗಂಟೆಗೆ ಬರುವವರಿದ್ದರು. ಕಾಲು ಇನ್ನೂ ಫೈಲಿನೊಳಗೇ ಇತ್ತು.

ಇದರಿಂದ ಖುಷಿಪಟ್ಟವರು ಒಬ್ಬರೇ: ಪ್ಲಾಸ್ಟರ್ ಮೇಷ್ಟ್ರು. ಮೂವತ್ತು ವರ್ಷ ಕೈಯಲ್ಲೇ ಅಚ್ಚು ಹೊಯ್ದವರು, ಚಿಕ್ಕಮ್ಮನಿಗೆ ಕೆಲಸ ಕಲಿಸಿದವರು.

"ನನ್ನ ಟೇಪು ಯಾವತ್ತಾದ್ರೂ 'ಅಳೀಬೇಕಾ, ಬೇಡ್ವಾ' ಅಂತ ಕೇಳಿದೆಯೇನಮ್ಮ?" ಅಂದರು.

"ಮೇಷ್ಟ್ರೇ, ಬಾಯ್ಮುಚ್ಕೊಂಡು ಕಾಫಿ ಕುಡೀರಿ," ಅಂದಳು ಚಿಕ್ಕಮ್ಮ.

೩

ನನ್ನ ದುರಸ್ತಿಯ ಮೊದಲ ಕರಡು: ಆಫ್ ಮಾಡಿ ಆನ್ ಮಾಡಿದೆ. ಫಲ ಸೊನ್ನೆ.

ಎರಡನೇ ಕರಡು: ಅಪ್‌ಡೇಟನ್ನೇ ತೆಗೆದುಬಿಡೋಣ ಅಂದೆ. "ತೆಗೆದ್ರೆ ನಿಜವಾದ ಕಳ್ಳ ಬಂದಾಗ ಬಾಗಿಲು ಕಾಯೋರು ಯಾರು? ನೀನಾ?" ಅಂದಳು ಚಿಕ್ಕಮ್ಮ. ಮಾತು ಸರಿಯಾಗಿತ್ತು. ಕೈಬಿಟ್ಟೆ.

ಮೂರನೇ ಕರಡಿನಲ್ಲಿ ನಾನು ವೀರನಾಗಿ, ಕಣ್ಣು ಮುಚ್ಚಿ "ಹೌದು" ಒತ್ತುತ್ತೇನೆ. ಒಳ್ಳೆ ರೋಚಕವಾಗಿ ಬಂದಿತ್ತು. ಚಿಕ್ಕಮ್ಮ ನನ್ನ ಕೈ ಹಿಡಿದಳು. "ನಿನ್ನ ಕಥೇಲಿ ಎಷ್ಟ್ ಬೇಕಾದ್ರೂ ಒತ್ಕೋ. ನನ್ನ ಮೆಷಿನ್ನಲ್ಲಿ ಬೇಡ."

೪

ಮಧ್ಯಾಹ್ನದ ಹೊತ್ತಿಗೆ ಒಂದು ಸಂಗತಿ ಗಮನಕ್ಕೆ ಬಂತು. ಮೆಷಿನ್ನಿನ ಕಂಪ್ಯೂಟರಿನಲ್ಲೇ ಇದ್ದ ಹಳೆಯ ಫೈಲುಗಳು ಚಕಾರವೆತ್ತದೆ ತೆರೆಯುತ್ತಿದ್ದವು. ತಕರಾರೆಲ್ಲ ಮುಂದಿನ ಕೋಣೆಯಿಂದ ಬರುವ ಫೈಲುಗಳದ್ದೇ. ಆಗ ಮೊದಲ ಸಲ ಎಚ್ಚರಿಕೆಯನ್ನು ಪೂರ್ತಿ ಓದಿದೆ. (ಅಕ್ಷರ ನಂಬಿ ಬದುಕುವವನು ನಾಲ್ಕು ಸಾಲು ಓದಲು ಮೂರು ಗಂಟೆ ತೆಗೆದುಕೊಂಡೆ. ನಗಬೇಡಿ.) ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು: ಈ ಫೈಲು ಇರುವ ಜಾಗ ನಿಮ್ಮ ನಂಬಿಕೆಯ ಪಟ್ಟಿಯಲ್ಲಿಲ್ಲ.

ಅಪ್‌ಡೇಟ್ ಆದಾಗ ಆ ಪಟ್ಟಿ ಅಳಿಸಿಹೋಗಿತ್ತು. ಪಕ್ಕದ ಕೋಣೆಯ ಕಂಪ್ಯೂಟರ್ ಈಗ ಇದರ ಪಾಲಿಗೆ ಯಾರೋ ದಾರಿಹೋಕ.

"ಅಯ್ಯೋ ಇದರ! ಒಂದು ಗೋಡೆ ಆಚೆ ಇರೋದು ಹೊರಗಿನದಾ?" ಅಂದಳು ಚಿಕ್ಕಮ್ಮ.

ಆದರೂ ಅವಳ ಸಮಾಧಾನಕ್ಕೆ ಮುಂದಿನ ಕೋಣೆಯ ಫೈಲುಗಳಿಗೆಲ್ಲ ವೈರಸ್ ತಪಾಸಣೆ ಮಾಡಿಸಿದೆವು. ಒಂದೂವರೆ ಗಂಟೆ ಹಿಡಿಯಿತು. ಎಲ್ಲವೂ ಶುದ್ಧ. ಆ ಕಂಪ್ಯೂಟರಿನ ಹೆಸರನ್ನು ಪಟ್ಟಿಗೆ ಮತ್ತೆ ಸೇರಿಸಿದೆ. ಫೈಲು ತೆರೆಯಿತು. ತೆರೆಯ ಮೇಲೆ ಬೂದು ಬಣ್ಣದ ಅರ್ಧ ಕಾಲು ನಿಧಾನವಾಗಿ ತಿರುಗತೊಡಗಿತು. ಚಿಕ್ಕಮ್ಮ ನನ್ನ ಬೆನ್ನಿಗೆ ಗುದ್ದಿದಳು. ಅವಳ ಮೆಚ್ಚುಗೆ ಹಾಗೇ.

ಕಥೆ ಮುಗಿಯಿತು ಅಂದುಕೊಂಡಿರಾ? ನಾನೂ ಅಂದುಕೊಂಡಿದ್ದೆ.

೫

ಸರಿಯಾಗಿ ಮೂರಕ್ಕೆ ಈಜು ಟೀಚರ್ ಹಳೆಯ ಕಾಲು ಹಾಕಿಕೊಂಡು ಬಂದರು. ನಾವಿಬ್ಬರೂ ತೆರೆ ತೋರಿಸುತ್ತ ಸಂಭ್ರಮದಲ್ಲಿದ್ದೆವು. ಮೇಷ್ಟ್ರು ತೆರೆ ನೋಡಲಿಲ್ಲ. ಟೀಚರ್ ಬಾಗಿಲಿನಿಂದ ಕುರ್ಚಿಯವರೆಗೆ ನಡೆದದ್ದನ್ನು ನೋಡಿದ್ದರು.

"ಒಳಗೆ ಎಷ್ಟು ಕಾಲುಚೀಲ ಹಾಕಿದ್ದೀರಮ್ಮ?"

ಟೀಚರ್ ತಲೆ ತಗ್ಗಿಸಿದರು. "ನಾಲ್ಕು."

"ಅಳತೆ ಕೊಟ್ಟಾಗ?"

"ಒಂದೇ."

ಅಳತೆ ಕೊಟ್ಟು ಎರಡು ತಿಂಗಳಾಗಿತ್ತು, ಸರದಿ ಬಂದದ್ದೇ ಈಗ. ಅಷ್ಟರಲ್ಲಿ ಮೊಣಕಾಲಿನ ಕೆಳಗೆ ಉಳಿದ ಭಾಗ ಸಣ್ಣಗಾಗಿತ್ತು. ಸಡಿಲವಾದ ಹಳೆಯ ಬಟ್ಟಲನ್ನು ಕಾಲುಚೀಲ ತುಂಬಿ ತುಂಬಿ ಸರಿದೂಗಿಸುತ್ತಿದ್ದರು.

"ಯಾಕೆ ಹೇಳ್ಲಿಲ್ಲ?" ಚಿಕ್ಕಮ್ಮನ ದನಿ ಸಣ್ಣಗಾಯಿತು.

"ಹೇಳಿದ್ರೆ ಮುಂದಕ್ಕೆ ಹಾಕ್ತಿದ್ರಿ. ನಾಳೆ ನಾನು ಹೋಗ್ದಿದ್ರೆ ಆ ಕ್ಲಾಸ್ ಬೇರೆಯವ್ರಿಗೆ ಕೊಡ್ತಾರೆ. ನಂಗೆ ಮನೇಲಿ ಕೂತು ಸಾಕಾಗಿದೆ."

ಫೈಲಿನಲ್ಲಿ ವೈರಸ್ ಇರಲಿಲ್ಲ, ತಪ್ಪಿರಲಿಲ್ಲ. ಅದು ಈಗಿನ ಅವರ ಕಾಲಾಗಿರಲಿಲ್ಲ, ಅಷ್ಟೇ.

(ಇಲ್ಲಿ ನಿಲ್ಲಿಸಿದರೆ ಒಳ್ಳೆ ಗಂಭೀರ ಕಥೆಯಾಗುತ್ತದೆ, ವಿಮರ್ಶಕರು ತಲೆದೂಗುತ್ತಾರೆ ಅನಿಸಿತು. ಬಾಯಿ ತಪ್ಪಿ ಹೇಳಿಯೂಬಿಟ್ಟೆ. ಟೀಚರ್ ನನ್ನ ಕಡೆ ತಿರುಗಿದರು: "ಇಲ್ಲೇ ನಿಲ್ಲಿಸ್ತೀರಾ? ಮತ್ತೆ ನಾಳೆ ನಾನು ಏನ್ ಹಾಕ್ಕೊಂಡು ಹೋಗ್ಲಿ, ನಿಮ್ಮ ಕಥೇನಾ?")

ಮೇಷ್ಟ್ರು ಜೇಬಿನಿಂದ ಟೇಪು ತೆಗೆದರು. ಐದು ಕಡೆ ಸುತ್ತಳತೆ ಹಿಡಿದು ಕೂಗಿ ಹೇಳಿದರು. ಚಿಕ್ಕಮ್ಮ ಒಂದೊಂದನ್ನೇ ಫೈಲಿನಲ್ಲಿ ತಿದ್ದಿದಳು. ಆಮೇಲೆ ಮೇಷ್ಟ್ರು, ಜೀವನದಲ್ಲಿ ಮೊದಲ ಸಲ, ಕುರ್ಚಿ ಎಳೆದುಕೊಂಡು ತೆರೆಯ ಮುಂದೆ ಕೂತರು.

"ಅಲ್ಲಿ ಮೂಳೆ ಬರುತ್ತೆ, ಇಳಿಸಬೇಡ. ಹಿಂದ್ಗಡೆ ಇಳಿಸು. ಇನ್ನೊಂಚೂರು. ಹಾಂ, ಸಾಕು! ಚೆನ್ನಾಗಿದ್ಯಲ್ಲೇ ಇದು."

ಮೆಷಿನ್ ಕಿರುಚುತ್ತ ಫೋಮ್ ಕೊರೆಯಿತು. ಬಿಸಿ ಪ್ಲಾಸ್ಟಿಕ್ ಎಳೆದು, ಅಂಚು ಉಜ್ಜಿ, ಪಾದ ಜೋಡಿಸುವಾಗ ಆರೂವರೆ. ಟೀಚರ್ ಒಂದೇ ಕಾಲುಚೀಲ ಹಾಕಿ ಎದ್ದು ನಿಂತರು. ಮೇಷ್ಟ್ರು ಒಂದು ಬಕೆಟ್ ನೀರು ತಂದು ನೆಲಕ್ಕೆ ಸುರಿದೇಬಿಟ್ಟರು. ನಾವು ಮೂವರೂ ಗೋಡೆಗೆ ಒತ್ತಿಕೊಂಡು ನಿಂತೆವು. ಟೀಚರ್ ಮೇಜಿನ ಸುತ್ತ ಮೂರು ಸುತ್ತು ನಡೆದರು, ಯಾವುದನ್ನೂ ಹಿಡಿಯದೆ. ಆ ನೆಲದಲ್ಲಿ ಜಾರಿ ಬಿದ್ದವನು ನಾನೊಬ್ಬನೇ.

೬

ಆ ಸಂಜೆಯೇ ಎರಡು ಅಂತ್ಯ ಬರೆದು ಟೀಚರಿಗೆ ಫೋನಿನಲ್ಲಿ ಓದಿದೆ.

ಅಂತ್ಯ ಒಂದು: ಕೊಳದ ಸುತ್ತ ಅವರು ನಡೆದದ್ದು ಕಂಡು ಮ್ಯಾನೇಜರ್ ಚಪ್ಪಾಳೆ ತಟ್ಟುತ್ತಾನೆ.

"ಅವನು? ಚಪ್ಪಾಳೆ? ನೀವು ಅವನನ್ನ ನೋಡಿಲ್ಲ."

ಅಂತ್ಯ ಎರಡು: ಅವರು ಜಾರುತ್ತಾರೆ, ಒಂದು ಪುಟ್ಟ ಹುಡುಗಿ ಓಡಿಬಂದು ಎತ್ತುತ್ತಾಳೆ.

"ನನ್ನ ತೂಕ ಗೊತ್ತೇನ್ರೀ ನಿಮಗೆ?"

"ಹಾಗಾದ್ರೆ ಮೂರನೇದು ನೀವೇ ಹೇಳಿ."

"ನಂಗೆ ಟೈಮಿಲ್ಲ. ಬೆಳಿಗ್ಗೆ ಬೇಗ ಏಳಬೇಕು," ಎಂದು ಫೋನ್ ಇಟ್ಟರು.

ಬೆಳಿಗ್ಗೆ ಒಂಬತ್ತಕ್ಕೆ ನಾವು ಮೂವರು ಈಜುಕೊಳದ ಗೋಡೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಒಳಗೆ ಬಿಡಲಿಲ್ಲ. ಗೋಡೆ ಎತ್ತರ. ಆದ್ದರಿಂದ ಟೀಚರ್ ಸುತ್ತು ಮುಗಿಸಿದರೋ, ಮ್ಯಾನೇಜರ್ ಏನಂದನೋ, ನಾನು ಕಂಡಿಲ್ಲ. ಕಾಣದ್ದನ್ನು ಬರೆಯುವುದೂ ಇಲ್ಲ.

ಚಿಕ್ಕಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು. ತುಂಬಾ ಹೊತ್ತು ಯಾವ ಸದ್ದೂ ಇಲ್ಲ.

"ಬಿದ್ರೇನೋ?" ಅಂದಳು.

"ಶ್," ಅಂದರು ಮೇಷ್ಟ್ರು. "ಕೇಳು."

ಒಂದು ಸೀಟಿ. ಹಿಂದೆಯೇ ಧುಡುಂ ಧುಡುಂ ಎಂದು ಮಕ್ಕಳೆಲ್ಲ ನೀರಿಗೆ ಬಿದ್ದ ಸದ್ದು. ಅದೆಲ್ಲದರ ಮೇಲೆ ನಮ್ಮ ಟೀಚರ್ ಗಂಟಲು:

"ಯಾರೋ ಅದು, ಶೂ ಹಾಕ್ಕೊಂಡೇ ನೀರಿಗೆ ಇಳಿದಿದ್ದು? ಬಂದೆ ಇರು!"