ತೇಲುವ ಕಾಳು

"ಉಗುಳುತ್ತಾ, ನುಂಗುತ್ತಾ? ಮೊದಲು ಅದನ್ನ ಹೇಳಿ" ಎಂದಳು ಮೀನಿನಂಗಡಿಯವಳು.

ಅವನಿಗೆ ಉತ್ತರ ಗೊತ್ತಿತ್ತು. ಹೇಳಲು ನಾಚಿಕೆಯಾಯಿತು. "ಬಾಯಿಗೆ ಹಾಕ್ಕೊಳ್ತಾನೆ, ಆಮೇಲೆ ಉಗುಳ್ತಾನೆ" ಎಂದ, ಶಾಲೆಗೆ ಕರೆಸಿಕೊಂಡು ದೂರು ಹೇಳಿಸಿಕೊಂಡ ತಂದೆಯ ದನಿಯಲ್ಲಿ.

"ಎಷ್ಟು ದಿನದಿಂದ?"

"ಒಂದು ವಾರ." ಮೂರು ವಾರವಾಗಿತ್ತು.

ಅಂಗಡಿಯ ಮೂರು ಗೋಡೆಗೂ ಗಾಜಿನ ತೊಟ್ಟಿಗಳು. ನೂರಾರು ಮೀನುಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಒಂದಾದರೂ ತನ್ನ ಕಡೆ ನೋಡುತ್ತಿದೆ ಎಂದು ಅವನಿಗೆ ಅನಿಸಲಿಲ್ಲ. ಅಂಗಡಿಯವಳು ಐವತ್ತು ದಾಟಿದವಳು. ಅವನು ಚೀಲದಲ್ಲಿ ತಂದಿದ್ದ ಮೀನಿನ ಕಾಳಿನ ಹಳೆಯ ಡಬ್ಬದ ಮುಚ್ಚಳ ತೆಗೆದು ಮೂಸಿ ನೋಡಿ, ಮುಖ ಕಿವುಚಿದಳು.

"ಇದನ್ನ ನೀವು ತಿಂತೀರಾ?"

"ನಾನ್ಯಾಕೆ..."

"ಮತ್ತೆ ಅದ್ಯಾಕೆ ತಿನ್ಬೇಕು? ಇದನ್ನ ತೆರೆದು ವರ್ಷದ ಮೇಲಾಗಿದೆ, ಕಮಟು ವಾಸನೆ. ಜೊತೆಗೆ ಕಾಳು ನೋಡಿ, ತೇವಕ್ಕೆ ಉಬ್ಬಿ ಕಡಲೆಯಷ್ಟು ದಪ್ಪ ಆಗಿದೆ. ನಿಮ್ಮ ಮೀನಿನ ಬಾಯಿ ಎಷ್ಟಿದೆ?"

ಅವನು ನೋಡಿರಲಿಲ್ಲ. ದಿನಕ್ಕೆರಡು ಸಲ ಆ ತೊಟ್ಟಿಯ ಮುಂದೆ ನಿಲ್ಲುತ್ತಿದ್ದ, ಕಾಳು ಹಾಕುತ್ತಿದ್ದ, ಕೈ ಒರೆಸಿಕೊಳ್ಳುತ್ತಿದ್ದ. ಬಾಯಿಯ ಅಳತೆ ನೋಡಬೇಕೆಂದು ಹೊಳೆದೇ ಇರಲಿಲ್ಲ.

ಡಬ್ಬ ಹೆಂಡತಿ ಇದ್ದಾಗಿನದು. ಅವಳು ಬಿಟ್ಟುಹೋಗಿ ಹದಿನಾಲ್ಕು ತಿಂಗಳಾಗಿತ್ತು. ಹೋಗುವಾಗ ತನ್ನದನ್ನೆಲ್ಲ ಕೊಂಡೊಯ್ದಿದ್ದಳು, ಮಗಳನ್ನೂ ಸೇರಿಸಿ. ಗಾಜಿನ ತೊಟ್ಟಿಯೊಂದೇ, ಸಾಗಿಸಿದರೆ ಒಡೆಯುತ್ತದೆಂದು ಉಳಿದುಕೊಂಡಿತು. ಅದರೊಳಗೆ ಮಗಳ ಮೀನು, ದೊರೆ. ಕಿತ್ತಳೆ ಬಣ್ಣದ ಗೋಲ್ಡ್‌ಫಿಶ್. ಹೊಟ್ಟೆ ಮುಂದುಮಾಡಿಕೊಂಡು ಓಡಾಡುವ ಅದರ ಠೀವಿ ನೋಡಿ ಮಗಳೇ ಇಟ್ಟ ಹೆಸರು. ದೊರೆಯನ್ನು ನೋಡಲೆಂದು ಅವಳು ಎರಡು ವಾರಕ್ಕೊಮ್ಮೆ, ಶನಿವಾರ, ಮನೆಗೆ ಬರುತ್ತಿದ್ದಳು. ಅಪ್ಪನನ್ನು ನೋಡಲೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

ಮೊನ್ನೆ ಫೋನಿನಲ್ಲಿ ಮಗಳು ಹೇಳಿದ್ದಳು: "ಅಪ್ಪಾ, ಹೋದ ಸಲ ಅವನು ಸೊರಗಿದ್ದ. ಈ ಸಲಾನೂ ತಿನ್ನದೇ ಇದ್ರೆ ನನ್ನ ಫ್ರೆಂಡ್ ಮನೆಗೆ ಕೊಟ್ಬಿಡ್ತೀನಿ. ಅವರ ಹತ್ರ ದೊಡ್ಡ ಟ್ಯಾಂಕ್ ಇದೆ."

"ತಿಂತಿದಾನೆ" ಎಂದಿದ್ದ.

ಇವತ್ತು ಶನಿವಾರ. ನಾಲ್ಕು ಗಂಟೆಗೆ ಬರುತ್ತಾಳೆ. ಮೀನು ಹೋದರೆ ಶನಿವಾರಗಳೂ ಹೋದಂತೆಯೇ. ಅಷ್ಟು ಅವನಿಗೆ ಸ್ಪಷ್ಟವಿತ್ತು.

ಅಂಗಡಿಯವಳು ಬೂದು ಬಣ್ಣದ ಸಣ್ಣ ಪ್ಯಾಕೆಟ್ಟೊಂದನ್ನು ಮುಂದಿಟ್ಟು ಅದರ ಹಿಂಬದಿಯನ್ನು ಮೇಲೆ ಮಾಡಿದಳು. "ಪ್ಯಾಕೆಟ್ಟಿನ ಮುಂದೆ ಇರೋದು ನಿಮಗೆ. ಹಿಂದೆ ಇರೋದು ಮೀನಿಗೆ. ಮೊದಲನೇ ಪದಾರ್ಥ ಏನಿದೆ, ಓದಿ."

"ಮೀನಿನ ಪುಡಿ."

"ಹಾಂ. ಅದು ಮೊದಲು ಬರ್ಬೇಕು. ಹಿಟ್ಟು ಮೊದಲು ಬಂದ್ರೆ ಬರೀ ಹೊಟ್ಟೆ ತುಂಬಿಸೋದು ಅಂತ ಅರ್ಥ. ಆಮೇಲೆ ತಯಾರಾದ ತಾರೀಖು. ಆಮೇಲೆ ಇದು ಮುಳುಗೋ ಕಾಳು. ತೇಲೋ ಕಾಳು ಹಾಕಿದ್ರೆ ನಿಮ್ಮ ದಪ್ಪ ಹೊಟ್ಟೆಯವನು ಮೇಲೆ ಬಂದು ಗಾಳೀನೂ ನುಂಗ್ತಾನೆ. ಹೊಟ್ಟೆ ಉಬ್ಬುತ್ತೆ. ದಿನಾ ಹಾಗೇ ಆದ್ರೆ ವಾಲ್ಕೊಂಡು ಈಜ್ತಾನೆ, ಆಮೇಲೆ ಈಜೋದೂ ಇಲ್ಲ."

ಅವನು ತಲೆಯಾಡಿಸಿದ. ಅಷ್ಟರಲ್ಲಿ ಅವಳ ಹಿಂದಿನ ಕಪಾಟಿನಲ್ಲಿ ನೀಲಿ ಪ್ಯಾಕೆಟ್ಟುಗಳ ಸಾಲು ಕಣ್ಣಿಗೆ ಬಿತ್ತು. ಪ್ಯಾಕೆಟ್ಟಿನ ಮೇಲೆ ಬೆಳ್ಳಿಯ ಅಕ್ಷರಗಳಲ್ಲಿ ಒಂದು ಸಾಲು: ಇಪ್ಪತ್ತೊಂದು ದಿನಗಳಲ್ಲಿ ನಿಮ್ಮ ಮೀನು ನಿಮ್ಮನ್ನು ಗುರುತಿಸುತ್ತದೆ.

ಆ ಸಾಲು ಅವನದು. ಪ್ಯಾಕೆಟ್ಟುಗಳ ಮೇಲಿನ ಮಾತು ಬರೆದುಕೊಡುವುದೇ ಅವನ ಕೆಲಸ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಹಾಸಿಗೆಗೆ, ಹಲ್ಲುಪುಡಿಗೆ, ಜಿರಳೆ ಔಷಧಿಗೆ ಮಾತು ಹೊಸೆಯುತ್ತಿದ್ದ. ಈ ಸಾಲನ್ನು ಮೂರು ವರ್ಷದ ಹಿಂದೆ, ಊಟಕ್ಕೇಳುವ ಹತ್ತು ನಿಮಿಷ ಮುಂಚೆ ಬರೆದಿದ್ದ. ಒಂದು ಸಂಖ್ಯೆ ಇದ್ದರೆ ಜನ ನಂಬುತ್ತಾರೆ ಎಂದಿದ್ದರು ಮ್ಯಾನೇಜರು. ಇಪ್ಪತ್ತೊಂದು ಎಂದು ಬಾಯಿಗೆ ಬಂದಿತ್ತು.

"ಅದು ಹೇಗೆ?" ಎಂದು ಬೆರಳು ಮಾಡಿದ.

"ಅದಾ? ತೇಲೋದು. ಮೊದಲನೇದು ಗೋಧಿ ಹಿಟ್ಟು, ಎರಡನೇದು ಬಣ್ಣ." ಅವಳು ನಕ್ಕಳು. "ಆ ಮಾತು ಬರೆದ ಪುಣ್ಯಾತ್ಮ ಜನ್ಮದಲ್ಲಿ ಮೀನು ಸಾಕಿರಲ್ಲ ಬಿಡಿ."

"ಸಾಕಿರಲ್ಲ" ಎಂದು ಅವನೂ ಒಪ್ಪಿಕೊಂಡ. ಆಮೇಲೆ ಹೇಳಿದ, "ಎರಡೂ ಕೊಡಿ."

"ಮೀನು ಒಂದೇ ಅಂದ್ರಲ್ಲ?"

"ಒಂದೇ."

ಅವಳು ಅವನ ಮುಖವನ್ನೊಮ್ಮೆ ನೋಡಿ ಎರಡನ್ನೂ ಚೀಲಕ್ಕೆ ಹಾಕಿದಳು.

ಆಫೀಸು ಅರ್ಧ ದಿನ. ಪಕ್ಕದ ಮೇಜಿನ ಡಿಸೈನರ್ ಚೀಲದೊಳಗೆ ಇಣುಕಿ ಹುಬ್ಬೇರಿಸಿದ. "ಏನಯ್ಯಾ, ನಮ್ಮದೇ ಮಾಲು ಕೊಂಡ್ಕೊಂಡಿದ್ದೀಯಾ?"

"ನಾವೇ ಮಾಡಿದ್ದಲ್ವಾ."

"ಅದಕ್ಕೇ ಕೇಳಿದ್ದು."

ಅವನಿಗೆ ನಗು ಬರಲಿಲ್ಲ. ಆ ದಿನ ಬರೆಯಬೇಕಿದ್ದದ್ದು ಬಾಗಿಲ ಬೀಗವೊಂದಕ್ಕೆ. ಒಂದು ಗಂಟೆಯವರೆಗೂ ಕೂತು, ನಿಮ್ಮವರು ಒಳಗಿದ್ದಾರೆ ಎಂದು ಬರೆದು, ಹೊಡೆದುಹಾಕಿ, ಮನೆಗೆ ಹೊರಟ.

ಮನೆಯಲ್ಲಿ ದೊರೆ ತೊಟ್ಟಿಯ ಮೂಲೆಯಲ್ಲಿ, ಪ್ಲಾಸ್ಟಿಕ್ ಗಿಡದ ಹಿಂದೆ, ಮುನಿಸಿಕೊಂಡ ಹಿರಿಯರ ಹಾಗೆ ಗೋಡೆಗೆ ಮುಖಮಾಡಿತ್ತು. ಅವನು ನೀರು ಬದಲಿಸಿದ, ಗಾಜು ಒರೆಸಿದ. ಕಾಳು ಹಾಕಲು ಮಾತ್ರ ಧೈರ್ಯವಾಗಲಿಲ್ಲ. ಉಗುಳಿದರೆ? ಅದನ್ನು ಒಬ್ಬನೇ ನೋಡುವುದಕ್ಕಿಂತ ಮಗಳ ಜೊತೆ ನೋಡುವುದೇ ವಾಸಿ. ನೀಲಿ ಪ್ಯಾಕೆಟ್ಟನ್ನು ಅಡುಗೆಮನೆಯ ಡ್ರಾಯರಿನೊಳಗೆ ಇಟ್ಟ.

ನಾಲ್ಕಕ್ಕೆ ಸರಿಯಾಗಿ ಮಗಳು ಬಂದಳು. ಹದಿಮೂರು ವರ್ಷ, ಎರಡು ವಾರಕ್ಕೊಮ್ಮೆ ನೋಡುವವನಿಗೆ ಪ್ರತಿ ಸಲವೂ ಒಂದಿಷ್ಟು ಉದ್ದ. ಚಪ್ಪಲಿ ಬಿಟ್ಟವಳೇ ನೇರ ತೊಟ್ಟಿಯ ಬಳಿ ಹೋದಳು.

"ಹೇಗಿದ್ದೀಯಾ?" ಎಂದಳು.

"ಚೆನ್ನಾಗಿದೀನಿ" ಎಂದ. ಅವಳು ಕೇಳಿದ್ದು ಮೀನನ್ನು. ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ಗೊತ್ತಾಗದವರಂತೆ ಇದ್ದರು.

ಬೂದು ಪ್ಯಾಕೆಟ್ಟು ಕತ್ತರಿಸಿ ಕೊಟ್ಟ. ಅವಳು ಹಿಂಬದಿ ಓದಿದಳು. "ಮೀನಿನ ಪುಡಿ ಮೊದಲು! ಅಪ್ಪಾ, ಇದನ್ನ ಯಾರು ಹೇಳ್ಕೊಟ್ರು?"

"ಓದಿದೆ."

ಅವಳು ಒಂದು ಚಿಟಿಕೆ ಹಾಕಿದಳು. ಸಾಸಿವೆಯಷ್ಟು ಕಾಳುಗಳು ತೂಗಾಡುತ್ತ ಕೆಳಗಿಳಿದವು. ದೊರೆ ಗಿಡದ ಹಿಂದಿನಿಂದ ತಿರುಗಿತು. ಒಂದು ಕಾಳನ್ನು ಬಾಯಿಗೆ ಹಾಕಿಕೊಂಡಿತು. ದೊರೆ ನುಂಗಿತು. ಇನ್ನೊಂದು. ಮತ್ತೊಂದು. ಎರಡು ನಿಮಿಷದಲ್ಲಿ ತಳದ ಕಲ್ಲುಗಳ ನಡುವೆ ಹುಡುಕಿ ಹುಡುಕಿ ತಿಂದು ಮುಗಿಸಿತು.

ಮಗಳು ಚಪ್ಪಾಳೆ ತಟ್ಟಿ ಅವನ ತೋಳು ಹಿಡಿದು ಅಲ್ಲಾಡಿಸಿದಳು. ಎಷ್ಟೋ ತಿಂಗಳ ನಂತರ ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಆ ಕೈಯನ್ನು ಹಾಗೆಯೇ ಇರಲು ಬಿಟ್ಟ.

"ಅಬ್ಬ" ಎಂದಳು ಅವಳು, ಕೈ ತೆಗೆದು. "ನನಗೀಗ ನಿಶ್ಚಿಂತೆ. ಫ್ರೆಂಡ್ ಮನೆಗೆ ಕೊಡೋದೇನೂ ಬೇಡ. ನೀನೇ ಚೆನ್ನಾಗಿ ನೋಡ್ಕೊಳ್ತಿದ್ದೀಯ."

"ಹೂಂ."

"ಇನ್ಮೇಲೆ ಪ್ರತಿ ಸಲ ಬರ್ಲೇಬೇಕು ಅಂತೇನಿಲ್ಲ, ಅಲ್ವಾ? ಶನಿವಾರ ಈಜು ಕ್ಲಾಸ್ ಶುರು ಮಾಡಿದಾರೆ. ಅಮ್ಮ ಸೇರ್ಕೋ ಅಂದ್ರು. ದೊರೆಗೆ ಹುಷಾರಿಲ್ವಲ್ಲ ಅಂತ ನಾನೇ ಆಗಲ್ಲ ಅಂದಿದ್ದೆ."

ಹಾಸಿಗೆಗೂ ಬೀಗಕ್ಕೂ ಮಾತು ಹೊಸೆದವನಿಗೆ, ಬಾ ಮಗಳೇ ಎನ್ನುವ ಎರಡು ಪದ ಹುಟ್ಟಲಿಲ್ಲ. "ಈಜು ಒಳ್ಳೇದು" ಎಂದ. "ಹಾಲು ಕುಡೀತೀಯಾ?"

"ಬೇಡ ಅಪ್ಪಾ. ಅಮ್ಮ ಕೆಳಗೆ ಕಾರಿನಲ್ಲೇ ಇದಾರೆ. ಇವತ್ತೇ ಹೆಸರು ಕೊಡ್ಬೇಕಂತೆ."

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅವಳು ತಿರುಗಿದಳು. "ಅವನಿಗೆ ಏನಾದ್ರೂ ಆದ್ರೆ ತಕ್ಷಣ ಫೋನ್ ಮಾಡು. ಓಡಿ ಬರ್ತೀನಿ."

ಮೆಟ್ಟಿಲಿಳಿಯುವ ಸದ್ದು, ಕಾರಿನ ಬಾಗಿಲು ಮುಚ್ಚಿದ ಸದ್ದು. ಗಡಿಯಾರ ನೋಡಿದ. ನಾಲ್ಕೂ ಇಪ್ಪತ್ತು. ಬಿಸಿಲು ಇನ್ನೂ ಕಿಟಕಿಯ ಕಂಬಿಯ ಮೇಲೇ ಇತ್ತು.

ಸ್ವಲ್ಪ ಹೊತ್ತು ಕುರ್ಚಿಯ ಮೇಲೆ ಕೂತ. ಓಡಿ ಬರ್ತೀನಿ. ಆ ಮಾತನ್ನು ಮತ್ತೆ ಮತ್ತೆ ಓದಿದ, ಯಾರೋ ಅಚ್ಚು ಮಾಡಿ ಕೊಟ್ಟಂತೆ. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಡ್ರಾಯರು ಎಳೆದ. ಕಾಲುಗಳು ತಾವಾಗಿಯೇ ಹೋದವು ಎಂದುಕೊಳ್ಳಲು ಅವನಿಗೆ ಅನುಕೂಲವಾಗಿತ್ತು.

ನೀಲಿ ಪ್ಯಾಕೆಟ್ಟು ಹಲ್ಲಿನಿಂದ ಹರಿದ. ಒಳಗಿನ ತೇಲುವ ಕಾಳುಗಳು ದಪ್ಪ, ಕೆಂಪು, ಹಗುರ. ಒಂದು ಮುಷ್ಟಿ ಸುರಿದುಕೊಂಡು ಕೈಯನ್ನು ನೀರಿನ ಮೇಲೆ ಹಿಡಿದ.

ದೊರೆ ಆಚೆ ತುದಿಯಲ್ಲಿತ್ತು. ಅವನು ಗಾಜು ತಟ್ಟಲಿಲ್ಲ, ಕರೆಯಲಿಲ್ಲ. ಅದು ತಾನಾಗಿಯೇ ತಿರುಗಿ, ಹೊಟ್ಟೆ ಮುಂದುಮಾಡಿಕೊಂಡು, ತೊಟ್ಟಿಯ ಉದ್ದಕ್ಕೂ ನೇರ ಅವನ ಕಡೆ ಬಂದಿತು. ಮೇಲಕ್ಕೇರಿ, ಅವನ ಮುಷ್ಟಿಯ ಕೆಳಗೆ ನಿಂತು, ಬಾಯಿ ತೆರೆಯಿತು.

ಕೈ ಹಿಂದಕ್ಕೆ ಬರಲಿಲ್ಲ, ಬೆರಳೂ ಬಿಚ್ಚಲಿಲ್ಲ. ಬಾಯಿ ಮುಚ್ಚಿತು, ಮತ್ತೆ ತೆರೆಯಿತು. ಅದು ಎಷ್ಟು ಸಣ್ಣ ಬಾಯಿ ಎಂಬುದನ್ನು ಅವನು ಮೊದಲ ಸಲ ನೋಡುತ್ತಿದ್ದ.