ಸೇತುವೆಯ ನಡುಗಂಬ

ಕಾರಿನ ತಲೆಯ ಮೇಲೆ ಸೈಕಲ್ ಹೊರಿಸಿಕೊಂಡು ನೂರು ಕಿಲೋಮೀಟರ್ ದೂರದಿಂದ ಬರುತ್ತಾರೆ. ಆ ಕಾರುಗಳನ್ನು ನಮ್ಮೂರ ಚರ್ಚಿನ ಮುಂದೆ ಅಡ್ಡಾದಿಡ್ಡಿ ನಿಲ್ಲಿಸುತ್ತಾರೆ. ಆಮೇಲೆ ಸೈಕಲ್ ಕೆಳಗಿಳಿಸಿ, ತೊಡೆಗಂಟಿದ ಚಡ್ಡಿಯನ್ನು ಎಳೆದು ಸರಿಮಾಡಿಕೊಂಡು, ‘ಆಹಾ, ಕಾರೇ ಇಲ್ಲದ ದಾರಿ!’ ಎಂದು ಉಸಿರೆಳೆದುಕೊಳ್ಳುತ್ತಾರೆ. ಇವರಿಗೆ ಏನೆನ್ನಬೇಕು ನೀವೇ ಹೇಳಿ.

ನನ್ನ ಹೆಸರು ಲೆಯಾಂದ್ರೊ. ಹಾಯೆನ್ ಸೀಮೆಯ ವಾಲ್ದೆಪೊಸೊದವನು. ವಯಸ್ಸು ಅರವತ್ತೆಂಟು, ಆಲಿವ್ ಬೆಳೆಯುವುದೊಂದು ಬಿಟ್ಟು ಬೇರೇನೂ ಮಾಡಿದವನಲ್ಲ. ಈ ದಾರಿಯಲ್ಲಿ ಎಣ್ಣೆಯ ಪೀಪಾಯಿ ಹೊತ್ತ ರೈಲು ಓಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಎಂಬತ್ತೈದರಲ್ಲಿ ರೈಲು ನಿಂತಿತು, ಹಳಿ ಕಿತ್ತುಕೊಂಡು ಹೋದರು. ಹಳ್ಳದ ಆಚೆ ದಡದಲ್ಲಿ ನನ್ನವು ನೂರ ನಲವತ್ತು ಮರಗಳಿವೆ. ಹಳಿಯಿಲ್ಲದ ಸೇತುವೆಯ ಮೇಲೆ ಟ್ರ್ಯಾಕ್ಟರ್ ಹಾಯಿಸಿದರೆ ಐದೇ ನಿಮಿಷ, ಊರಲ್ಲಿರುತ್ತಿದ್ದೆ. ಯಾರಿಗೂ ಏನೂ ತೊಂದರೆಯಿರಲಿಲ್ಲ.

ಆಮೇಲೆ ಪುರಸಭೆಯವರಿಗೆ ಜ್ಞಾನೋದಯವಾಯಿತು. ಮಣ್ಣು ತಟ್ಟಿ, ಎರಡೂ ಅಂಚಿಗೆ ಕಟಾಂಜನದ ಬೇಲಿ ಹಾಕಿ, ‘ಹಸಿರು ದಾರಿ’ ಎಂದು ಬೋರ್ಡು ನೆಟ್ಟರು. ನಮ್ಮೂರವರು ಇಟ್ಟ ಹೆಸರು ಕೊಲೆಸ್ಟರಾಲ್ ದಾರಿ. ಡಾಕ್ಟರು ಬೈದು ಕಳಿಸಿದ ದಪ್ಪ ಹೆಂಗಸರೂ ಎದೆನೋವಿನ ಗಂಡಸರೂ ಬೆಳಿಗ್ಗೆ ಅಲ್ಲಿ ಕೈಬೀಸಿಕೊಂಡು ನಡೆಯುತ್ತಾರೆ. ಕೆಲಸವಿಲ್ಲದೆ ಸುಮ್ಮನೆ ನಡೆಯುವುದೆಂದರೆ ನಮ್ಮಲ್ಲಿ ಅದೊಂದು ಕಾಯಿಲೆಯ ಲೆಕ್ಕವೇ.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಆರು ವರ್ಷದ ಹಿಂದೆ ಹಳೆಯ ರೈಲು ಸ್ಟೇಷನ್ ಕಡೆಯ ಸೇತುವೆ ಬಾಯಿಗೆ ಮೂರು ಕಬ್ಬಿಣದ ಕಂಬ ನೆಟ್ಟರು. ಸೈಕಲ್ ನುಸುಳಬೇಕು, ಟ್ರ್ಯಾಕ್ಟರ್ ನಿಲ್ಲಬೇಕು. ಪ್ರವಾಸೋದ್ಯಮದ ಉಸ್ತುವಾರಿ ಬೆನಿಗ್ನೊ ಅನ್ನುವವನದು. ಅವನಪ್ಪ ನಮ್ಮ ತೋಟದಲ್ಲಿ ಕೋಲಿನಿಂದ ಕಾಯಿ ಬಡಿದು ಉದುರಿಸಿದವನು. ಇವನಿಗೆ ಕೈಯಲ್ಲಿ ಕೋಲು ಹಿಡಿಯಲೂ ಬಾರದು. ಹೋಗಿ ಜಗಳ ತೆಗೆದೆ.

"ಯಜಮಾನ್ರೇ, ಯಾಕೆ ಕೂಗಾಡ್ತೀರಿ? ನಡುಗಂಬ ಎತ್ತಿದ್ರೆ ಬರುತ್ತೆ. ಬೀಗ ಇದೆ ಅಷ್ಟೆ," ಎಂದ. "ಕೀಲಿಕೈ ಸ್ಟೇಷನ್ ಅಂಗಡಿಯವರ ಹತ್ರ ಇರುತ್ತೆ. ಬೇಕಾದಾಗ ಹೋಗಿ ಕೇಳಿ, ಕೊಡ್ತಾರೆ."

ಸ್ಟೇಷನ್ ಅಂಗಡಿಯವರು ಎಂದರೆ ಯಾರು? ನನ್ನ ಮಗಳು ಔರಿಯಾ. ಒಬ್ಬಳೇ ಮಗಳು. ಜಿಲ್ಲಾ ಕಚೇರಿಯ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಬಂದು, ಹಳೆಯ ಸ್ಟೇಷನ್ನನ್ನು ಗುತ್ತಿಗೆ ಹಿಡಿದು, ಆ ಚಡ್ಡಿಯವರಿಗೆ ಸೈಕಲ್ ಬಾಡಿಗೆ ಕೊಡುತ್ತಾಳೆ, ಕಾಫಿ ಕಾಯಿಸುತ್ತಾಳೆ. ತೋಟ ನೋಡಿಕೊಳ್ಳೇ ಎಂದಾಗ ಮೂಗು ಮುರಿದವಳು! ನನ್ನ ತೋಟದ ದಾರಿಗೆ ಬೀಗ, ಬೀಗದ ಕೀಲಿ ನನ್ನ ಮಗಳ ಸೊಂಟದಲ್ಲಿ, ನಾನು ಅವಳ ಬಾಗಿಲಿಗೆ ಹೋಗಿ ಕೈಚಾಚಬೇಕು. ನನ್ನ ಹೆಣವೂ ಆ ಹೊಸ್ತಿಲು ದಾಟುವುದಿಲ್ಲ ಎಂದು ಊರೆಲ್ಲ ಕೇಳುವಂತೆ ಹೇಳಿಬಿಟ್ಟೆ. ಅಂದಿನಿಂದ ಹಳ್ಳ ಸುತ್ತಿ ಹನ್ನೊಂದು ಕಿಲೋಮೀಟರ್ ಹೋಗುತ್ತಿದ್ದೆ, ಹನ್ನೊಂದು ಕಿಲೋಮೀಟರ್ ಬರುತ್ತಿದ್ದೆ. ಆರು ಸುಗ್ಗಿ. ಭಾನುವಾರ ಅವಳು ಮನೆಗೆ ಊಟಕ್ಕೆ ಬಂದರೆ ನಾನು ಹೊರಗೆ ಹೋಗಿ ಇಸ್ಪೀಟಾಡುತ್ತಿದ್ದೆ.

ಈ ಸಲ ಅಕ್ಟೋಬರ್ ಮಧ್ಯದಲ್ಲಿ ಹಸಿರು ಕಾಯಿ ಇಳಿಸಿದೆವು. ವರ್ಷದ ಮೊದಲ ಎಣ್ಣೆ ಅದರದ್ದು. ಹಸಿರು ಕಾಯಿಯನ್ನು ಇಳಿಸಿದ ದಿನವೇ ಗಾಣಕ್ಕೆ ಹಾಕಬೇಕು. ರಾಶಿಯಲ್ಲಿ ರಾತ್ರಿ ಕಳೆದರೆ ಒಳಗೊಳಗೇ ಬಿಸಿಯೇರಿ ಮುಗ್ಗುತ್ತದೆ, ಎಣ್ಣೆಗೆ ಹಳೇ ಚೀಲದ ವಾಸನೆ ಬರುತ್ತದೆ. ಆಮೇಲೆ ಅದು ದೀಪಕ್ಕೂ ದಂಡ. ಟ್ರೈಲರಿನಲ್ಲಿ ಸಾವಿರದೆಂಟುನೂರು ಕಿಲೋ ಕಾಯಿ. ಸಹಕಾರಿ ಗಾಣದ ಬಾಗಿಲು ಏಳಕ್ಕೆ ಮುಚ್ಚುತ್ತದೆ.

ಐದು ಗಂಟೆಗೆ ಹೊರಟು ನೋಡಿದರೆ ಹಳ್ಳದ ರಸ್ತೆಯೇ ಇಲ್ಲ. ಹಿಂದಿನ ದಿನದ ಮಳೆಗೆ ನೆನೆದಿದ್ದ ದಂಡೆ ಮಧ್ಯಾಹ್ನದಲ್ಲಿ ಯಾವಾಗಲೋ ಕುಸಿದು, ರಸ್ತೆಯನ್ನೂ ಎರಡು ಬಾದಾಮಿ ಮರಗಳನ್ನೂ ಎಳೆದುಕೊಂಡು ನೀರಿಗೆ ಬಿದ್ದಿತ್ತು. ಎಂಜಿನ್ ಪಕ್ಕ ಕೂತಿದ್ದ ನನ್ನ ಹೆಂಡತಿ ತ್ರಿನಿ ಇಣುಕಿ ನೋಡಿ, "ಮುಗೀತಲ್ಲ, ನಡೀರಿ ಸೇತುವೆ ಕಡೆ," ಎಂದಳು.

"ಸೇತುವೆಗೆ ಬೀಗ ಜಡಿದಿದ್ದಾಳಲ್ಲ ನಿನ್ನ ಮಗಳು!"

"ನನ್ನೊಬ್ಬಳದೇ ಮಗಳೇನ್ರೀ ಅವಳು? ಹೋಗಿ ಕೇಳಿ. ಇಲ್ಲಾಂದ್ರೆ ಆ ಕಂಬಾನ ಒಂದ್ಸಲ ಅಲ್ಲಾಡ್ಸಿಯಾದ್ರೂ ನೋಡಿ."

"ಪುರಸಭೆ ಕಬ್ಬಿಣಕ್ಕೆ ನಾನು ಕೈ ಹಚ್ಚಲ್ಲ. ಹಾರೆ ಇದೆ. ಬೀಗಾನೇ ಒಡೆದು ಬಿಸಾಕ್ತೀನಿ, ಬರಲಿ ಬೆನಿಗ್ನೊ."

"ಸರಿ, ಹಾರೆ ಮುಟ್ಟಿದ್ರೆ ಮರ್ಯಾದೆ ಹೋಗಲ್ಲ ಅನ್ನಿ," ಎಂದು ಸೆರಗಿನಂತಿದ್ದ ತಲೆವಸ್ತ್ರವನ್ನು ಬಿಗಿದುಕೊಂಡಳು. ನಾನು ಕೇಳಿಸಿಕೊಳ್ಳದವನಂತೆ ಗೇರ್ ಹಾಕಿದೆ.

ತೋಟದ ಅಂಚಿನಿಂದ ದಾರಿಗೆ ಹತ್ತಿ, ಆರು ವರ್ಷದ ಮೇಲೆ ಸೇತುವೆಗೆ ಚಕ್ರ ಇಟ್ಟೆ. ಬಂತಲ್ಲ, ಹಿಂದಿನಿಂದ ಟ್ರಿಣ್ ಟ್ರಿಣ್ ಗಂಟೆ! ಹೊಳೆಯುವ ಟೋಪಿಯ ಐದಾರು ಜನ ಟ್ರೈಲರಿನ ಬೆನ್ನಿಗೆ ಅಂಟಿಕೊಂಡರು. ಸೇತುವೆ ಅಗಲ ಟ್ರೈಲರಿಗಷ್ಟೇ ಸಾಕು, ಅವರಿಗೆ ಮುಂದೆ ಹೋಗಲು ಜಾಗವಿಲ್ಲ. ಒಬ್ಬಳು ಫೋಟೊ ತೆಗೆದಳು. "ಇಲ್ಲಿ ವಾಹನ ಬರೋ ಹಾಗಿಲ್ಲ ಗೊತ್ತಿಲ್ವಾ?" ಎಂದು ಒಬ್ಬ ಕಿರುಚಿದ.

"ನಿನ್ನ ಕಾರು ಚರ್ಚಿನ ಬಾಗಿಲಿಗೆ ಅಡ್ಡ ನಿಂತಿದೆಯಲ್ಲ, ಮೊದಲು ಅದನ್ನ ಎತ್ತಪ್ಪಾ!" ಎಂದೆ. ನಿಜವಾಗಿ ನಿಂತಿತ್ತೋ ಇಲ್ಲವೋ ಗೊತ್ತಿಲ್ಲ, ಆದರೆ ಅವನು ತೆಪ್ಪಗಾದ.

ಸೇತುವೆಯ ಕೊನೆಗೆ ಬಂದು ಕಂಬಗಳ ಮುಂದೆ ನಿಂತೆ. ಇನ್ನೂರು ಹೆಜ್ಜೆ ಆಚೆ ಸ್ಟೇಷನ್. ಬಾಗಿಲಲ್ಲಿ ಔರಿಯಾ ನಿಂತಿದ್ದಳು, ಕೈಯಲ್ಲಿ ಒರೆಸುವ ಬಟ್ಟೆ. ನಡುಗಂಬದ ಬುಡದಲ್ಲಿ ದಪ್ಪ ಹಿತ್ತಾಳೆ ಬೀಗ. ಗಂಟೆ ಆರು ದಾಟಿತ್ತು. ರಾಶಿಯೊಳಗೆ ಕೈ ತೂರಿಸಿದೆ, ಆಗಲೇ ಬೆಚ್ಚಗಾಗುತ್ತಿತ್ತು. ಹಿಂದೆ ಹೋಗುವಂತಿಲ್ಲ, ಮುಂದೆ ಹೋಗುವಂತಿಲ್ಲ, ಅವಳು ಅಲ್ಲಿ ನಿಂತು ನೋಡುತ್ತಿದ್ದಾಳೆ. ಕೂಗಿ ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಹಾರೆ ಎತ್ತಿಕೊಂಡು ಇಳಿದೆ.

ಅಷ್ಟರಲ್ಲಿ ಸ್ಟೇಷನ್ ಕಡೆಯಿಂದ ಒಬ್ಬ ಬಂದ. ಏಳಡಿ ಉದ್ದದ ಪರದೇಶಿ, ಮೂಗಿನ ಮೇಲೆ ಬಿಳಿ ಮುಲಾಮು. ಸೈಕಲ್ ಹಿಂದೆ ಅಗಲವಾದ ಎರಡು ಚಕ್ರದ ಗಾಡಿ, ಗಾಡಿಯೊಳಗೆ ಮೆತ್ತೆ, ಮೆತ್ತೆಯ ಮೇಲೆ ಒಂದು ಮುದಿ ನಾಯಿ. ನಮ್ಮಲ್ಲಿ ನಾಯಿ ಗಾಡಿಯ ಹಿಂದೆ ಓಡುತ್ತದೆ. ಇವರಲ್ಲಿ ಮನುಷ್ಯ ನಾಯಿಯನ್ನು ಎಳೆಯುತ್ತಾನೆ. ‘ಬಾರಪ್ಪಾ ಬಾ, ನೀನೊಬ್ಬ ಬಾಕಿಯಿದ್ದೆ’ ಅಂದುಕೊಂಡೆ.

ಅವನು ನನ್ನನ್ನು ನೋಡಿ ಹಲ್ಲು ಬಿಟ್ಟು "ಓಲಾ!" ಎಂದು ನಮ್ಮ ಮಾತಿನಲ್ಲೇ ನಮಸ್ಕಾರ ಹೇಳಿದ. ಸೈಕಲ್ ನಿಲ್ಲಿಸಿದ. ಬಗ್ಗಿ ಆ ಹಿತ್ತಾಳೆ ಬೀಗವನ್ನು ಎರಡು ಬೆರಳಲ್ಲಿ ತೆಗೆದ, ಮರದಿಂದ ಎಲೆ ಕೀಳುವಷ್ಟು ಸಲೀಸಾಗಿ. ಆಮೇಲೆ ಒಂದೇ ಕೈಯಲ್ಲಿ ನಡುಗಂಬವನ್ನು ಮೇಲೆತ್ತಿ ಕಂಕುಳಲ್ಲಿ ಇಟ್ಟುಕೊಂಡು, ಪಕ್ಕಕ್ಕೆ ಸರಿದು, ದೊಡ್ಡ ಹೋಟೆಲಿನ ಬಾಗಿಲಾಳಿನ ಹಾಗೆ ನನಗೆ ದಾರಿ ತೋರಿಸಿದ.

ನಾನು ಹಾರೆ ಹಿಡಿದುಕೊಂಡು ನಿಂತೇ ಇದ್ದೆ.

"ಬೀಗ... ಹಾಕಿಲ್ಲ," ಎಂದ, ಮುರುಕು ಮುರುಕಾಗಿ. "ಔರಿಯಾ ಹೇಳಿದ್ದು. ಎತ್ತು, ಹೋಗು, ಮತ್ತೆ ಇಡು. ಯಾವಾಗ್ಲೂ ಹೀಗೇ, ಹೇಳಿದ್ದು."

ತಿರುಗಿ ತ್ರಿನಿಯ ಮುಖ ನೋಡಿದೆ. ಅವಳು ಹಳ್ಳದ ಕಡೆ ನೋಡುತ್ತಿದ್ದಳು.

"ನಿನಗೆ ಗೊತ್ತಿತ್ತೇನೇ?"

"ಹ್ಞೂಂ."

"ಎಷ್ಟು ದಿನದಿಂದ?"

"ಕಂಬ ನೆಟ್ಟ ವಾರದಿಂದ. ಬೀಗ ಸುಮ್ನೆ ಸಿಕ್ಕಿಸಿ ಇಟ್ಟಿದ್ಲು, ಒಂದಿನಾನೂ ಒತ್ತಿ ಹಾಕಿಲ್ಲ."

"ಹೇಳೋಕೇನಾಗಿತ್ತೇ ಪುಣ್ಯಾತಗಿತ್ತಿ! ಆರು ವರ್ಷ ಸುತ್ತಿಸಿದ್ಯಲ್ಲೇ ನನ್ನ!"

"ಹೇಳಿದ್ರೆ ಏನ್ ಮಾಡ್ತಿದ್ರಿ? ಅವತ್ತೇ ಹೋಗಿ ನೀವೇ ಒತ್ತಿ ಬೀಗ ಹಾಕಿ ಬರ್ತಿದ್ರಿ. ಅವಳೇ ಬೇಡ ಅಂದ್ಲು. ಅಪ್ಪ ಒಂದಿನ ಸಿಟ್ಟಲ್ಲಾದ್ರೂ ಕಂಬಕ್ಕೆ ಕೈ ಹಾಕ್ತಾನೆ, ಆಗ ತಾನೇ ಗೊತ್ತಾಗತ್ತೆ ಅಂತ." ಟ್ರೈಲರಿನ ಕಡೆ ಕೈ ತೋರಿಸಿ, "ಹತ್ತಿ ಈಗ, ಕಾಯಿ ಬಿಸಿಯಾಗ್ತಿದೆ," ಎಂದಳು.

ಬೈಯಬೇಕೆನಿಸಿತು. ಹಾರೆಯನ್ನು ಸೀಟಿನಡಿಗೆ ತುರುಕಿ ಹತ್ತಿದೆ. ಅವಳು ಹೇಳಿದ್ದು ನಿಜ, ನಾನು ಹಾಗೇ ಮಾಡುತ್ತಿದ್ದೆ.

ಟ್ರ್ಯಾಕ್ಟರ್ ಹಾಯಿಸಿದೆ. ಹಿಂದಿದ್ದ ಚಡ್ಡಿಯವರು ಚಪ್ಪಾಳೆ ತಟ್ಟಿದರು, ಅವರ ಮನೆ ಹಾಳಾಗ. ಸ್ಟೇಷನ್ ಮುಂದೆ ಬಂದಾಗ ಔರಿಯಾ ಬಾಗಿಲಲ್ಲೇ ಇದ್ದಳು. ನಾನು ನೇರ ಮುಂದೆ ನೋಡಿಕೊಂಡು ಓಡಿಸಿದೆ. ಏಳಕ್ಕೆ ಹತ್ತು ನಿಮಿಷವಿದ್ದಾಗ ಕಾಯಿ ಗಾಣದ ಬಾಯಿಗೆ ಬಿತ್ತು. ತೂಕ ಹಾಕುವವನು ಒಂದು ಹಿಡಿ ತೆಗೆದು ಮೂಸಿ, "ಒಳ್ಳೇ ಕಾಯಿ ಲೆಯಾಂದ್ರೊ, ಇನ್ನು ಹತ್ತು ನಿಮಿಷ ತಡವಾಗಿದ್ರೆ ನಾನು ಹೊರಗೇ ನಿಲ್ಲಿಸ್ತಿದ್ದೆ," ಎಂದ. ಬೇರೆ ದಿನವಾಗಿದ್ದರೆ ಅವನ ಮೂಗಿನ ಬಗ್ಗೆ ನಾಲ್ಕು ಮಾತು ಹೇಳುತ್ತಿದ್ದೆ.

ಬರುವಾಗ ಸ್ಟೇಷನ್ ಮುಂದೆ ಎಂಜಿನ್ ತಾನಾಗಿ ನಿಂತಿತು ಎಂದು ನಾನು ಹೇಳಿದರೆ ತ್ರಿನಿ ನಂಬುವುದಿಲ್ಲ. ಅವಳು ಇಳಿಯಲಿಲ್ಲ. "ನಾನಿಲ್ಲೇ ಕೂತಿರ್ತೀನಿ," ಎಂದು ತಲೆವಸ್ತ್ರ ಬಿಚ್ಚಿ ಮಡಚತೊಡಗಿದಳು.

ಹೊಸ್ತಿಲು ದಾಟಿದೆ. ಒಳಗೆ ರಬ್ಬರ್ ವಾಸನೆ, ಗೋಡೆ ತುಂಬ ಚಕ್ರಗಳು. ಟಿಕೆಟ್ ಕಿಟಕಿಯಿದ್ದ ಜಾಗದಲ್ಲಿ ಕಾಫಿ ಯಂತ್ರ. ಅವಳು ನೆಲದ ಮೇಲೆ ಕೂತು ಯಾವುದೋ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ಕೂದಲಲ್ಲಿ ಬಿಳಿ ಎಳೆ ಕಂಡಿತು. ಯಾವಾಗ ಬಂತೋ, ನಾನು ನೋಡಿರಲಿಲ್ಲ.

ಏನಾದರೂ ಹೇಳಬೇಕಿತ್ತು. "ಬೀಗ ಹಾಗೆ ಬಿಟ್ಟು ಕೂರ್ತಾರೇನೇ?" ಎಂದೆ. "ಕಳ್ಳ ಗಿಳ್ಳ ಬಂದ್ರೆ?"

ಅವಳು ತಲೆ ಎತ್ತಲಿಲ್ಲ. "ಆರು ವರ್ಷದಿಂದ ಒಬ್ಬ ಕಳ್ಳನಿಗೇ ಕಾಯ್ತಾ ಇದ್ದೀನಪ್ಪಾ. ಇವತ್ತು ಬಂದ."

ಅಲ್ಲಿದ್ದ ಎತ್ತರದ ಸ್ಟೂಲಿನ ಮೇಲೆ ಕೂತೆ. ಕಾಲು ನೆಲಕ್ಕೆ ಎಟುಕದಂಥ ದರಿದ್ರ ಸ್ಟೂಲು, ಅವರಿಗಾಗಿಯೇ ಮಾಡಿಸಿದ್ದು.

"ನನಗೂ ಒಂದು ಕಾಫಿ ಸಿಗತ್ತೋ," ಎಂದೆ, "ಇಲ್ಲ, ಚಡ್ಡಿ ಹಾಕ್ಕೊಂಡು ಬಂದವರಿಗೆ ಮಾತ್ರವೋ?"

ಔರಿಯಾ ಎದ್ದು ಯಂತ್ರದ ಕಡೆ ಹೋದಳು. ನನಗೆ ಬೆನ್ನು ಹಾಕಿ ನಿಂತು, ಆಗಲೇ ತೊಳೆದಿದ್ದ ಕಪ್ಪೊಂದನ್ನು ತುಂಬ ಹೊತ್ತು ತೊಳೆದಳು.