ಮೂರನೆಯ ಬಾಟಲಿ

ಶಾಂಭವಿಯ ಪ್ರಬಂಧ ಸೋಮವಾರ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ಅದರ ಕೊನೆಯ ವಾಕ್ಯ ಮನುಕುಲಕ್ಕೆ ಹತ್ತು ಸಾವಿರ ವರ್ಷಗಳ ಧೈರ್ಯ ಹೇಳುತ್ತಿತ್ತು: ಉಪ್ಪಿನ ಗಣಿಯಲ್ಲಿ ಹೂತ ಅಣುತ್ಯಾಜ್ಯದ ಲೋಹ ಅಲ್ಲಿನ ಉಪ್ಪುನೀರಿನಲ್ಲಿ ಕರಗುವುದಿಲ್ಲ.

ಈ ಧೈರ್ಯಕ್ಕೆ ಆಧಾರ ಕೊಟ್ಟೂರಿನ ಕಾಲೇಜೊಂದರ ಐದು ಕಂದು ಬಾಟಲಿಗಳು. ಒಳಗೆ ಉಪ್ಪುನೀರು, ತ್ಯಾಜ್ಯದ ಲೋಹದ ಬದಲು ಅದರಂತೆಯೇ ವರ್ತಿಸುವ ನಿಯೋಡಿಮಿಯಂ ಪುಡಿ, ಜೊತೆಗೆ ಇಡಿಟಿಎ ಎಂಬ ರಾಸಾಯನಿಕ. ಯಂತ್ರ ತೊಳೆಯಲು ಬಳಸುವ ಈ ಇಡಿಟಿಎ ತ್ಯಾಜ್ಯದೊಂದಿಗೇ ಗಣಿ ಸೇರುತ್ತದೆ. ಸಿಕ್ಕ ಲೋಹವನ್ನು ತಬ್ಬಿ ನೀರಿಗಿಳಿಸುತ್ತದೆ. ನಾಲ್ಕು ಬಾಟಲಿಗಳಲ್ಲಿ ಅದು ನಿಯೋಡಿಮಿಯಂ ತಂಟೆಗೇ ಹೋಗಿರಲಿಲ್ಲ. ಮೂರನೆಯದರಲ್ಲಿ ಮಾತ್ರ ಕರಗಿಸಿಬಿಟ್ಟಿತ್ತು. ಶಾಂಭವಿ ಅದರ ಮುಂದೆ ‘ಕೆಟ್ಟಿದೆ’ ಎಂದು ಬರೆದು ಕೈಬಿಟ್ಟಿದ್ದಳು.

ಹಡಗಲಿಯಲ್ಲಿ ಪಾಠ ಮಾಡುವ ಅವಳು ಇಲ್ಲಿಗೆ ಬರುವುದು ಶನಿವಾರ ಮಾತ್ರ. ಈ ಶನಿವಾರ ಮೊದಲ ಬಾಟಲಿ ತೊಳೆಯಲು ಬಗ್ಗಿಸಿದಾಗ ತುದಿ ಸವೆದ ಮೊಳೆಯೊಂದು ಟಣ್ಣೆಂದು ಸಿಂಕಿಗೆ ಬಿತ್ತು.

“ಮೈಲಪ್ಪಣ್ಣ, ಏನಿದು?”

ಮೂವತ್ತು ವರ್ಷದಿಂದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ಮೈಲಪ್ಪ ಕನ್ನಡಕ ಏರಿಸಿದ. “ಮೊಳಿರಿ.”

“ಅದು ಕಾಣತೈತಿ. ಒಳಗ ಹೆಂಗ ಬಂತು?”

“ನೀರು ಕಲಕಾಕ ನೀವು ಐದು ಬಿಳಿ ಗುಳಿಗಿ ಕೊಟ್ಟಿದ್ರಲ್ರಿ, ಕೆಳಗ ಆಯಸ್ಕಾಂತ ತಿರುಗಿದ್ರ ಮ್ಯಾಲ ತಿರುಗೋವು? ನಾಲ್ಕು ತೊಳಿಯಾಗ ಮೋರಿ ಪಾಲಾದ್ವು. ಬೈತೀರಂತ ಮೊಳಿ ಹಾಕಿದೆ. ಗುಳಿಗಿಗಿಂತ ಚೊಲೊ ತಿರುಗ್ತಾವ.”

“ಉಳಿದ ಗುಳಿಗಿ?”

“ಮೂರನೇದಕ್ಕ ಹಾಕಿದ್ದೆ.”

ಶಾಂಭವಿ ಸ್ಟೂಲಿನ ಮೇಲೆ ಕೂತಳು. ಮೂರು ತಿಂಗಳು ಇಡಿಟಿಎ ಮೊಳೆಯ ಕಬ್ಬಿಣವನ್ನೇ ತಬ್ಬಿಕೊಂಡಿತ್ತು. ನಿಯೋಡಿಮಿಯಂ ಕಡೆ ಚಾಚಲು ಅದಕ್ಕೆ ಕೈ ಉಳಿದಿರಲಿಲ್ಲ. ಸರಿಯಿದ್ದುದು ಅವಳು ಕೈಬಿಟ್ಟ ಬಾಟಲಿ ಒಂದೇ.

ಅವಳ ಮಾರ್ಗದರ್ಶಕ ಗುರುಸಂಗಪ್ಪ ಬಂದು, ವಿಷಯ ತಿಳಿದು, ಮೊಳೆಯನ್ನು ಬೆಳಕಿಗೆ ಹಿಡಿದು ಕೇಳಿದರು. “ತ್ಯಾಜ್ಯ ತುಂಬೋ ಡ್ರಮ್ಮು ಯಾವುದರದ್ದಮ್ಮಾ?”

“ಕಬ್ಬಿಣದ್ದು ಸರ್.”

“ಮತ್ತ? ಅಲ್ಲೂ ಕಬ್ಬಿಣ, ಇಲ್ಲೂ ಕಬ್ಬಿಣ. ‘ಕಬ್ಬಿಣದ ಸಮ್ಮುಖದಲ್ಲಿ’ ಅಂತ ಸೇರಿಸಿ ಕಳಿಸಿಬಿಡು.”

“ಎಷ್ಟು ಕಬ್ಬಿಣ ಅಂತ ಕೇಳಿದ್ರ, ಒಂದು ಮೊಳಿ ಅನ್ಲೇನ್ ಸರ್? ಬ್ಯಾಡ. ಮೂರನೇದನ್ನ ಇನ್ನೆರಡು ಸಲ ಅಳೆದು ಅದನ್ನ ಬರೀತೀನಿ.” ಅವಳು ‘ಕೆಟ್ಟಿದೆ’ ಎಂಬುದನ್ನು ಹೊಡೆದು ಹಾಕಿದಳು.

ಮೈಲಪ್ಪ ಕೆಮ್ಮಿದ. “ಅದನ್ನ ಹೋದ ವಾರನ ರಿಪೇರಿ ಮಾಡೀನ್ರಿ. ಮೊಳಿ ಇದ್ದವೆಲ್ಲ ಚೊಲೊ ಬಂದ್ವು, ಅದೊಂದ ಕೆಟ್ಟಿತ್ತು. ಗುಳಿಗಿ ತಗದು ಅದಕ್ಕೂ ಮೊಳಿ ಹಾಕಿದೆ.”

ಆ ಕೋಣೆಯಲ್ಲಿ ಅಂಕಿಗಳನ್ನು ನೋಡಿ ನೇರ ತೀರ್ಮಾನಕ್ಕೆ ಬಂದವನು ಅವನೊಬ್ಬನೇ.

ಶಾಂಭವಿ ಬಾಟಲಿ ಕಲಕುವ ಯಂತ್ರದ ಸ್ವಿಚ್ ಆರಿಸಿದಳು. “ಹೊಸ ಬಾಟ್ಲಿ ತಗೀರಣ್ಣ.”

“ಮತ್ತ ಮೂರು ತಿಂಗಳೇನಮ್ಮಾ?” ಎಂದರು ಗುರುಸಂಗಪ್ಪ.

“ಹತ್ತು ಸಾವಿರ ವರ್ಷದಾಗ ಮೂರು ತಿಂಗಳು ಏನ್ ಮಹಾ ಸರ್.”

ಮೈಲಪ್ಪ ಆಗಲೇ ಮೋರಿಯ ಜಾಲರಿ ಎತ್ತಿ, ಮೊಣಕೈವರೆಗೆ ತೋಳಿಳಿಸಿ ಗುಳಿಗೆ ಹುಡುಕುತ್ತಿದ್ದ.